ಕೋಲಾರದ ಶಾಸನ, ಕೋಲಾರ ಕಾಣದ ಓದುಗರಿಗೆ

ಕೋಲಾರ ಸೀಮೆಯ ಶಾಸನಗಳ ಬಗ್ಗೆ ಇಂಗ್ಲಿಷಿನಲ್ಲಿ ಬರೆದರೆ ಓದುವವರಲ್ಲಿ ಹೊರದೇಶದವರೂ ಇರುತ್ತಾರೆ. ಕೋಲಾರಮ್ಮನ ಗುಡಿಯಲ್ಲಿ ಚೋಳರ ಕಾಲದ ತಮಿಳು ಶಾಸನಗಳಿರುವುದರಿಂದ ಕನ್ನಡ ಬಾರದ, ತಮಿಳು ಬಲ್ಲ ವಿದ್ವಾಂಸರಿಗೂ ಈ ಊರು ಬೇಕು. ಅವರಿಗೆ ಲಿಪಿ, ರಾಜವಂಶ ಎಲ್ಲಾ ಗೊತ್ತು. ಅವರು ಎಡವುವುದು, ಇದನ್ನೇನು ವಿವರಿಸುವುದು ಎಂದು ನಾವು ಬಿಟ್ಟುಬಿಡುವ ಮಾತುಗಳಲ್ಲಿ.

ಎಲ್ಲಕ್ಕಿಂತ ಹೆಚ್ಚು ತೊಡಕಾಗುವ ಪದ ಕೆರೆ. ಅದಕ್ಕೆ 'ಟ್ಯಾಂಕ್' ಎಂದು ಬರೆಯುವುದು ಬ್ರಿಟಿಷರ ಕಾಲದ ರೂಢಿ. ಈ ನೆಲ ಕಾಣದವರ ಕಣ್ಣಿಗೆ ಅದು ನಾಲ್ಕು ಗೋಡೆಯ ತೊಟ್ಟಿ. ಅಲ್ಲಿಗೆ ಇಡೀ ಶಾಸನವೇ ಅಡಿಮೇಲು. ಕೆರೆಯ ಕೆಳಗಿನ ಗದ್ದೆಯನ್ನು ಕಟ್ಟುಕೊಡಗೆಯಾಗಿ ಬಿಟ್ಟರು ಎಂದರೆ, ತೊಟ್ಟಿಯ ಕೆಳಗೆ ಗದ್ದೆ ಎಲ್ಲಿಂದ ಬಂತು ಎಂದು ಅವರು ಕೇಳುವುದು ಸಹಜ. ಹಾಗಾಗಿ 'ಕೆರೆ' ಎಂಬ ಪದವನ್ನೇ ರೋಮನ್ ಲಿಪಿಯಲ್ಲಿ ಉಳಿಸಿಕೊಂಡು, ಮೊದಲ ಸಲ ಬಂದಾಗ ಅದರ ಅಂಗಗಳನ್ನು ಹೇಳಬೇಕು: ಹರಿದು ಬರುವ ಮಳೆನೀರಿಗೆ ಅಡ್ಡ ಹಾಕಿದ ಮಣ್ಣಿನ ಏರಿ, ಗದ್ದೆಗೆ ಬೇಕಾದಷ್ಟು ನೀರು ಬಿಡುವ ತೂಬು, ತುಂಬಿದ ಮೇಲೆ ಹೆಚ್ಚಿನ ನೀರು ಹೊರಗೆ ಹೋಗುವ ಕೋಡಿ. ಪಕ್ಕದಲ್ಲಿ ಏರಿಯನ್ನು ಅಡ್ಡಲಾಗಿ ಸೀಳಿದಂತೆ ಒಂದು ಗೆರೆಚಿತ್ರವಿದ್ದರೆ ಅರ್ಧ ಪುಟದ ಮಾತು ಉಳಿಯುತ್ತದೆ. ಕಟ್ಟುಕೊಡಗೆ ಎಂದರೆ ಕೆರೆ ಕಟ್ಟಿಸಿದವರಿಗೆ, ನೋಡಿಕೊಳ್ಳುವವರಿಗೆ ಕೊಟ್ಟ ಜಮೀನು ಎಂಬುದು ಆಮೇಲೆ ತಾನಾಗಿ ಹೊಳೆಯುತ್ತದೆ.

ಅಳತೆಗಳನ್ನು ಮಾತ್ರ ಪರಿವರ್ತಿಸಲು ಹೋಗಬಾರದು. ಧಾನ್ಯ ಅಳೆಯುವ 20 ಕೊಳಗಕ್ಕೆ ಒಂದು ಖಂಡುಗ. 'ಖಂಡುಗ ಗದ್ದೆ' ಎಂದರೆ ಒಂದು ಖಂಡುಗ ಬೀಜ ಹಿಡಿಯುವ ಗದ್ದೆ. ಕೊಳಗವೇ ಸೀಮೆಯಿಂದ ಸೀಮೆಗೆ ಬೇರೆ, ಬಿತ್ತನೆಯ ದಟ್ಟಣೆಯೂ ಬೇರೆ. ಎಕರೆಯ ಅಂಕಿ ಕೊಟ್ಟುಬಿಟ್ಟರೆ ದೂರದಲ್ಲಿ ಯಾರೋ ಅದನ್ನು ಕೋಷ್ಟಕಕ್ಕೆ ಸೇರಿಸಿ ಇಳುವರಿ ಲೆಕ್ಕ ಹಾಕುತ್ತಾರೆ. ಆ ತಪ್ಪನ್ನು ಮತ್ತೆ ಹಿಂದಕ್ಕೆ ಕರೆಯಲಾಗದು.

ಕಾಲದ ವಿಷಯದಲ್ಲಿ, ಕಳೆದ, ಅಂದರೆ ಪೂರ್ತಿ ಮುಗಿದ ಶಕವರ್ಷಗಳ ಎಣಿಕೆಗೆ 78 ಕೂಡಿಸುವುದು ಎಲ್ಲರಿಗೂ ಗೊತ್ತು. ಆದರೆ ಶಕ 1431, ಶುಕ್ಲ ಸಂವತ್ಸರ, ಮಾಘ ಮಾಸ ಎಂದಿದ್ದರೆ ಅದು 1509 ಆಗುವುದಿಲ್ಲ, 1510ರ ಆರಂಭದ ತಿಂಗಳು. ವರ್ಷ ಚೈತ್ರದಲ್ಲಿ ಹುಟ್ಟುವುದೆಂದು ತಿಳಿಯದವರಿಗೆ ಇದು ನಮ್ಮ ಲೆಕ್ಕದ ತಪ್ಪಿನಂತೆ ಕಾಣುತ್ತದೆ. ಮೂಲದ ಶಕ, ಸಂವತ್ಸರ, ಮಾಸ, ತಿಥಿ ಮೊದಲು, ಕ್ರಿಸ್ತಶಕ ಆಮೇಲೆ.

ಲಿಪ್ಯಂತರಕ್ಕೆ, ಭಾರತದ ಲಿಪಿಗಳನ್ನು ರೋಮನ್ ಅಕ್ಷರದಲ್ಲಿ ಬರೆಯುವ ಅಂತರರಾಷ್ಟ್ರೀಯ ಮಾನಕವಾದ ಐಎಸ್‌ಒ 15919 ಪದ್ಧತಿಯೇ ಸರಿ. ಸಂಸ್ಕೃತದ ಪದ್ಧತಿಯಲ್ಲಿ ಎಕಾರ, ಒಕಾರಗಳ ಮೇಲೆ ದೀರ್ಘದ ಗೆರೆ ಇಲ್ಲ, ಸಂಸ್ಕೃತಕ್ಕೆ ಅದು ಬೇಕಿಲ್ಲ. ಕನ್ನಡಕ್ಕೂ ಆ ಪದ್ಧತಿಯನ್ನೇ ಬಳಸಿದರೆ ಕೊಡು, ಕೋಡು ಎರಡೂ ಒಂದೇ. ಹಳಗನ್ನಡದ ಕೆಱೆಯಲ್ಲಿರುವ ಱ, ಹಾಗೆಯೇ ೞ, ಇವುಗಳಿಗೆ ಅಕ್ಷರದ ಕೆಳಗೆ ಗೆರೆ; ಳಕಾರಕ್ಕೆ ಚುಕ್ಕೆ. ಗೆರೆ ಚುಕ್ಕೆಗಳನ್ನು ಅದಲು ಬದಲು ಮಾಡಿದರೆ ಓದುಗರು ನಿಘಂಟಿನಲ್ಲಿ ಬೇರೆಯೇ ಪದ ಹುಡುಕುತ್ತಾರೆ.

ಊರಿನ ಹೆಸರುಗಳಿಗೂ ಒಂದು ಸಾಲು ಬೇಕು. ಗಂಗರ ಬಿರುದಾದ 'ಕುವಳಾಲಪುರವರೇಶ್ವರ'ದ ಕುವಳಾಲವೇ ಕೋಲಾರ, 'ನಂದಗಿರಿನಾಥ'ದ ನಂದಗಿರಿ ಇಂದಿನ ನಂದಿಬೆಟ್ಟ. ಮೈಸೂರು ಸೀಮೆಯ ಶಾಸನಗಳನ್ನು ಸಂಗ್ರಹಿಸಿ 'ಎಪಿಗ್ರಾಫಿಯಾ ಕರ್ನಾಟಿಕ' ಸಂಪುಟಗಳಲ್ಲಿ ಪ್ರಕಟಿಸಿದ ಬಿ. ಎಲ್. ರೈಸರ 1905ರ ಕೋಲಾರ ಸಂಪುಟದಲ್ಲಿ ಬೌರಿಂಗ್‌ಪೇಟೆ ಎಂದಿರುವುದು ಬಂಗಾರಪೇಟೆ. ಚಿಕ್ಕಬಳ್ಳಾಪುರ, ಚಿಂತಾಮಣಿ, ಬಾಗೇಪಲ್ಲಿಗಳ ಶಾಸನಗಳೂ ಆ ಸಂಪುಟದಲ್ಲೇ ಇವೆ, ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಇದು ತಿಳಿಯದೆ ಭೂಪಟದಲ್ಲಿ ಹುಡುಕುವವರು ಕಲ್ಲು ಕಳೆದೇಹೋಯಿತು ಎಂದುಕೊಂಡಾರು.

ಇನ್ನು ಕಲ್ಲು ಇರುವ ಜಾಗ. ಅಕ್ಷಾಂಶ ರೇಖಾಂಶಗಳನ್ನು ದಶಮಾಂಶದ ಐದು ಸ್ಥಾನದವರೆಗೆ ಕೊಟ್ಟರೆ ಸುಮಾರು ಒಂದು ಮೀಟರಿನ ನಿಖರತೆ. ಗುಡಿಯ ಗೋಡೆಯ ಶಾಸನಕ್ಕೆ ಅದು ಒಳ್ಳೆಯದೇ. ಹೊಲದ ಬದುವಿನಲ್ಲಿ ಒಂಟಿಯಾಗಿ ನಿಂತ ವೀರಗಲ್ಲಿಗೆ ಬೇಡ, ಕದ್ದೊಯ್ಯುವವರೂ ಅದನ್ನೇ ಓದುತ್ತಾರೆ. ಅಂಥ ಕಲ್ಲಿಗೆ ಎರಡೇ ಸ್ಥಾನ ಸಾಕು, ಸುಮಾರು ಒಂದು ಕಿಲೋಮೀಟರಿನ ಆಸುಪಾಸು ತಿಳಿಯುತ್ತದೆ. ಅಧ್ಯಯನಕ್ಕೆ ಬೇಕಾದವರು ತಾವು ಯಾರು, ಯಾಕೆ ಎಂದು ಬರೆದು ಕೇಳಿದಾಗ ಉಳಿದ ಅಂಕಿಗಳನ್ನು ಕೊಟ್ಟರಾಯಿತು.