ಸೆರಗು ಒಳಗೆ ಹೋದ ಸೀರೆ

ಮೂರು ವರ್ಷದ ಹಿಂದೆ ಅಜ್ಜಿಯ ಇಳಕಲ್ ಸೀರೆಯನ್ನು ಕೊಪ್ಪಳ ಕಡೆಯ ಒಂದು ಕಾಲೇಜಿನ ಮ್ಯೂಸಿಯಂಗೆ ಕೊಟ್ಟಿದ್ದೆವು. ಕೊಡು ಕೊಡು ಅಂತ ಹಿಂದೆ ಬಿದ್ದವನು ನಾನು, ಟ್ರಂಕಿನಿಂದ ತೆಗೆದು ಕೊಟ್ಟವಳು ದೊಡ್ಡವ್ವ. ಅದನ್ನೊಮ್ಮೆ ನೋಡಬೇಕು ಅಂತ ಅವಳ ಹಟ. ಈ ವಾರ ಕರೆದುಕೊಂಡು ಹೋದೆ.

ಗಾಜಿನ ಮುಂದೆ ಸ್ವಲ್ಪ ಹೊತ್ತು ಸುಮ್ನೆ ನಿಂತಳು. ಆಮೇಲೆ ಅಲ್ಲಿದ್ದ ಹುಡುಗನನ್ನು ಕೇಳಿದಳು.

"ಸೆರಗ ಎಲ್ಲೈತೋ ತಮ್ಮಾ?"

"ಒಳಗ ಮಡಚೇವ್ರಿ ಅಜ್ಜಿ. ಜಾಗ ಸಾಲಲಿಲ್ಲ."

"ಸತ್ತಾರಿಗೂ ಸೆರಗ ಒಳಗ ಮಾಡಿ ಉಡಸಂಗಿಲ್ಲಪಾ."

ಹುಡುಗ ನಕ್ಕ. ನಾನೂ ನಕ್ಕೆ. ಅವಳು ನಗಲಿಲ್ಲ.

ಇಳಕಲ್ ಸೀರೆಯಲ್ಲಿ ನೋಡಬೇಕಾದ್ದೇ ಸೆರಗು ಅಲ್ವಾ! ಕೆಂಪು ರೇಷ್ಮೆ, ಅದರ ಮೇಲೆ ಜೋಳದ ತೆನೆಯಂಥ ಬಿಳಿ ತೋಪುತೆನೆ, ಬಾಚಣಿಗೆಯ ಹಲ್ಲಿನಂಥ ಹಣಿಗೆ. ಮೈಯ ಹಾಸು (ಮಗ್ಗದಲ್ಲಿ ಉದ್ದಕ್ಕೆ ಹೂಡುವ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಅದಕ್ಕೇ ಒಂದೊಂದು ಸೀರೆಗೂ ಬೇರೆ ಹಾಸು ಹೂಡಬೇಕು. ಹತ್ತು ಸೀರೆಗೆ ಆಗುವಷ್ಟು ಉದ್ದದ ಹಾಸು ಒಮ್ಮೆಲೇ ಹಾಕಿ ನೇಯ್ದು ಕತ್ತರಿಸುವ ಹಾಗಿಲ್ಲ. ಚಿಕ್ಕವನಿದ್ದಾಗ ಅಜ್ಜಿ ನನ್ನ ಬೆರಳು ಹಿಡಿದು ಆ ಕೊಂಡಿಯ ಸಾಲಿನ ಮೇಲೆ ಆಡಿಸುತ್ತಿದ್ದಳು. ಕಣ್ಣಿಗೆ ಕಾಣುವುದು ಕಡಿಮೆ, ಬೆರಳಿಗೆ ತಟ್ಟನೆ ಗೊತ್ತಾಗುತ್ತದೆ. ಈಗ ಆ ಸಾಲು ಮಡಿಕೆಯ ಒಳಗೆ, ಹಲಗೆಯ ಹಿಂದೆ. ಮುಂದೆ ಕಾಣುವುದು ಬರೀ ಮೈ. ಕೆಳಗೊಂದು ಚೀಟಿ: 'ಸಾಂಪ್ರದಾಯಿಕ ಸೀರೆ'. ಯಾರದ್ದು, ಯಾವ ಊರಿನ ಮಗ್ಗದ್ದು, ಎಲ್ಲವನ್ನೂ ಬರೆದು ಕೊಟ್ಟಿದ್ದೆ. ಪಕ್ಕದ ಗಾಜಿನಲ್ಲಿ ಕನ್ನಡಿ, ಕವಡೆ ಹೊಲಿದ ಕಾಂಚಳಿ, ಲಂಬಾಣಿ ಹೆಂಗಸರ ರವಿಕೆ. ಅದರ ಚೀಟಿ ಇನ್ನೂ ಚಿಕ್ಕದು: 'ಉಡುಪು'.

ಸೀರೆಯನ್ನು ಹಲಗೆಗೆ ಕಬ್ಬಿಣದ ಗುಂಡುಪಿನ್ನಿನಲ್ಲಿ ಚುಚ್ಚಿದ್ದರು. ಪ್ರತಿ ಪಿನ್ನಿನ ಸುತ್ತ ಸಾಸಿವೆ ಕಾಳಿನಷ್ಟು ತುಕ್ಕು. ಮೇಲೆ ದಿನವಿಡೀ ಉರಿಯುವ ಟ್ಯೂಬ್‌ಲೈಟ್. ಬಟ್ಟೆಗೆ ಬೆಳಕೇ ದೊಡ್ಡ ಶತ್ರು, ಹೋದ ಬಣ್ಣ ವಾಪಸ್ ಬರೋದಿಲ್ಲ. ಹಳೆ ರೇಷ್ಮೆ ಮಡಿಕೆಯಲ್ಲೇ ಸೀಳುತ್ತದೆ. ಮಡಚದೆ ಕೋಲಿಗೆ ಸುತ್ತಿಡಬೇಕು. ಹುಡುಗನಿಗೆ ಇದನ್ನು ಯಾರೂ ಹೇಳಿಕೊಟ್ಟಿಲ್ಲ. ಅವನ ಮೇಲೆ ನನಗೆ ಸಿಟ್ಟಿಲ್ಲ. ಟೇಪು ಕತ್ತರಿಸಿದ ದಿನ ಪರಂಪರೆ ಅಂತ ಮುಕ್ಕಾಲು ಗಂಟೆ ಮಾತಾಡಿದ ದೊಡ್ಡ ಮನುಷ್ಯರು ಆಮೇಲೆ ಈ ಕೋಣೆಗೆ ಕಾಲಿಟ್ಟಿದ್ದಾರೋ ಇಲ್ಲವೋ!

ನಮ್ಮ ಕಡೆ ಮ್ಯೂಸಿಯಂ ಅಂದ್ರೆ ಕಲ್ಲು. ರಾಯಚೂರಿನ ನವರಂಗ್ ದರ್ವಾಜದ ಮ್ಯೂಸಿಯಂಗೆ ಹೋದರೆ ಶಿಲ್ಪ. ಬಳ್ಳಾರಿಯಲ್ಲಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಮ್ಯೂಸಿಯಂನಲ್ಲಿ ಸಂಗನಕಲ್ಲಿನ ಶಿಲಾಯುಗದ ಕಲ್ಲು ಕೊಡಲಿ. ತಪ್ಪೇನಿಲ್ಲ, ಕಲ್ಲು ಉಳಿಯುತ್ತದೆ. ಪೋರ್ಚುಗೀಸ್ ಪ್ರವಾಸಿ ಪಾಯೆಸ್ 1520ರ ಸುಮಾರಿಗೆ ಕೃಷ್ಣದೇವರಾಯನನ್ನು ನೋಡಿ ಬರೆದಿದ್ದಾನೆ: ಬಿಳಿ ಬಟ್ಟೆ, ಅದರ ಮೇಲೆ ಚಿನ್ನದ ಗುಲಾಬಿ ಕಸೂತಿ, ತಲೆಗೆ ಜರಿಯ ಟೋಪಿ, ಕಾಲು ಮಾತ್ರ ಬರಿಗಾಲು. ಆ ಬಟ್ಟೆಯ ಒಂದು ಎಳೆಯನ್ನೂ ನಾನು ಎಲ್ಲೂ ನೋಡಿಲ್ಲ. ಆಗಿನವರ ಉಡುಗೆ ನೋಡಬೇಕೆಂದರೆ ಹಂಪಿಯಲ್ಲಿ ಕಂಬದ ಶಿಲ್ಪ ನೋಡಬೇಕು, ಇಲ್ಲಾ ಲೇಪಾಕ್ಷಿಯ ಗುಡಿಯ ಛಾವಣಿ ಚಿತ್ರಕ್ಕೆ ಕತ್ತು ಎತ್ತಬೇಕು. ರಾಜನದ್ದೇ ಹೀಗಾದರೆ ಅಜ್ಜಿಯದ್ದೇನು? ನಾಳೆ ಬಳ್ಳಾರಿಯಲ್ಲಿ ಹೊಲಿದ ಜೀನ್ಸನ್ನೂ ಯಾರಾದರೂ ಹೀಗೇ ಜೇಬು ಒಳಗೆ ಮಡಚಿ ತೂಗುಹಾಕುತ್ತಾರೇನೋ.

ಬಸ್ಸಿನಲ್ಲಿ ದೊಡ್ಡವ್ವ ಮತ್ತೆ ಅದೇ ಮಾತು. "ಸೆರಗ ಒಳಗ ಮಾಡ್ಯಾರ ನೋಡು." ಊಟಕ್ಕೆ ಕೂತಾಗಲೂ ಅದೇ. ವಾಪಸ್ ಇಸ್ಕೊಂಡು ಬರಲಾ ಅಂದೆ. ಕೌದಿಯ ಮೇಲೆ ಕೈ ಆಡಿಸಿದಳು. ಅಜ್ಜಿಯ ಉಳಿದ ಸೀರೆಗಳೆಲ್ಲ ಅದರಲ್ಲೇ ಇವೆ, ತುಂಡು ತುಂಡಾಗಿ.

"ಬ್ಯಾಡ. ಕೊಟ್ಟದ್ದು ಕೊಟ್ಟಂಗ. ನಾವ ಹೋಗಿ ಸರಿ ಮಾಡೋಣು."

ಹುಡುಗನಿಗೆ ಫೋನ್ ಮಾಡಿದೆ. ಶನಿವಾರ ಬರ್ರಿ, ಯಾರೂ ಇರಂಗಿಲ್ಲ ಅಂದ. ಸುತ್ತಲು ಕೋಲು ನಾನು ಹುಡುಕಬೇಕು. ಕೋಲಿಗೂ ಸೀರೆಗೂ ನಡುವೆ ಹಾಕಲು ದೊಡ್ಡವ್ವ ಆಗಲೇ ಹಳೆ ಧೋತರ ಒಗೆದು ಒಣಹಾಕಿದ್ದಾಳೆ. ಗಂಜಿ ಹಾಕಿಲ್ಲ, ಹುಳ ಬರ್ತಾವಂತೆ.