ಪತ್ತನಾಜೆಯಿಂದ ಮೊದಲ ಮಳೆಯವರೆಗೆ

ತುಳು ಪಂಚಾಂಗದ ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ 24 ಅಥವಾ 25ರ ಹೊತ್ತಿಗೆ, ತುಳುನಾಡಿನಲ್ಲಿ ಪತ್ತನಾಜೆ ಬರುತ್ತದೆ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ದೈವಗಳ ಕೋಲ ನೇಮಗಳು ನಿಲ್ಲುತ್ತವೆ, ಜಾತ್ರೆಯ ಗದ್ದೆಗಳು ಖಾಲಿಯಾಗುತ್ತವೆ. ಕಾಪು ಮತ್ತು ಶಿರ್ವದ ನಡುವಿನ ಊರಿನಲ್ಲಿ ಮೈಕ್ ಸೆಟ್ಟು ಹಾಗೂ ಶಾಮಿಯಾನ ಬಾಡಿಗೆಗೆ ಕೊಡುತ್ತಿದ್ದ ನಮ್ಮ ಮನೆಯಲ್ಲಿ ಆ ದಿನಕ್ಕೆ ಇನ್ನೊಂದು ಅರ್ಥವಿತ್ತು. ಅಂದಿನಿಂದ ಮಳೆ ಹಿಡಿಯುವವರೆಗೆ ಸಿಗುವ ಹತ್ತು ಹನ್ನೆರಡು ದಿನಗಳಲ್ಲಿ ವ್ಯಾನಿನ ಇಡೀ ವರ್ಷದ ದುರಸ್ತಿ ಮುಗಿಯಬೇಕಾಗಿತ್ತು.

ದೀಪಾವಳಿ ಕಳೆದ ಮೇಲೆ ವ್ಯಾನಿಗೆ ಬಿಡುವೆಂಬುದೇ ಇರುತ್ತಿರಲಿಲ್ಲ. ಸಂಜೆ ಸ್ಪೀಕರ್ ಪೆಟ್ಟಿಗೆ, ಜನರೇಟರು, ಬಿದಿರು ಕಂಬ, ತಗಡಿನ ಶೀಟು ಹೇರಿಕೊಂಡು ಹೋದದ್ದು ಬೆಳಗಿನ ಜಾವ ಮರಳಿ, ಮಧ್ಯಾಹ್ನ ಇನ್ನೊಂದು ಮದುವೆ ಚಪ್ಪರಕ್ಕೆ ಹೊರಡುತ್ತಿತ್ತು. ಜನವರಿಯಲ್ಲಿ ಕೇಳಿದ ಸದ್ದಿಗೂ ಫೆಬ್ರವರಿಯಲ್ಲಿ ಕಂಡ ಎಣ್ಣೆಯ ಕಲೆಗೂ ಅಪ್ಪ ಕೊಡುತ್ತಿದ್ದ ಉತ್ತರ ಒಂದೇ, ‘ಪತ್ತನಾಜೆ ಕಳೆಯಲಿ.’ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಎರಡು ವ್ಯಾನುಗಳನ್ನು ಹತ್ತಿರದಿಂದ ನೋಡಿದ ಮೇಲೆ ನನಗೆ ಖಚಿತವಾಗಿರುವುದು ಇಷ್ಟು: ನಮ್ಮನ್ನು ಜುಲೈಯ ನಡುರಾತ್ರಿ ದಾರಿಯಲ್ಲಿ ನಿಲ್ಲಿಸಿದ ದೋಷಗಳಲ್ಲಿ ಹೆಚ್ಚಿನವು ಬೇಸಗೆಯಲ್ಲೇ ಮಾತನಾಡಿದ್ದವು, ನಾವು ಕಿವಿ ಕೊಟ್ಟಿರಲಿಲ್ಲ.

ಮೊದಲನೆಯದು ಮೆಟಾಡೋರ್. ಪುಣೆಯ ಬಜಾಜ್ ಟೆಂಪೊ ಕಂಪೆನಿ ತಯಾರಿಸುತ್ತಿದ್ದ, ಆ ಕಾಲದ ಆಸ್ಪತ್ರೆ, ಶಾಲೆ, ಬೇಕರಿ, ಅಂಚೆ ಎಲ್ಲದರ ಮುಂದೆಯೂ ನಿಂತಿರುತ್ತಿದ್ದ ವ್ಯಾನು ಅದು. ಕಂಪೆನಿಯ ಹೆಸರು 2005ರಲ್ಲಿ ಫೋರ್ಸ್ ಮೋಟರ್ಸ್ ಎಂದಾಯಿತು; ನಮ್ಮೂರಿನಲ್ಲಿ ಮಾತ್ರ ಯಾವ ಕಂಪೆನಿಯ ದೊಡ್ಡ ವ್ಯಾನು ಬಂದರೂ ಹಳಬರು ಈಗಲೂ ‘ಮೆಟಾಡೋರು’ ಎಂದೇ ಕರೆಯುತ್ತಾರೆ. ಅಪ್ಪ 1986ರಲ್ಲಿ ಅದನ್ನು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಾಗ ನನಗೆ ಒಂಬತ್ತು ವರ್ಷ. ಡೀಸೆಲ್ ಎಂಜಿನಿನ ಶಾಖ, ಒದ್ದೆ ಟಾರ್ಪಾಲು ಮತ್ತು ಅಗರಬತ್ತಿ ಬೆರೆತ ಅದರ ಒಳಗಿನ ವಾಸನೆ ನನಗೆ ಇನ್ನೂ ನೆನಪಿದೆ.

ಅದು ಮುಂದಿನ ಚಕ್ರಗಳಿಂದ ಎಳೆಯಲ್ಪಡುವ ವ್ಯಾನು. ಹಿಂದೆ ಉದ್ದದ ಶಾಫ್ಟ್ ಇಲ್ಲದ್ದರಿಂದ ನೆಲ ತಗ್ಗಾಗಿತ್ತು, ಭಾರದ ಪೆಟ್ಟಿಗೆಗಳನ್ನು ಇಬ್ಬರೇ ಹೇರಬಹುದಿತ್ತು. ಆದರೆ ದೈವಸ್ಥಾನಗಳಿರುವುದು ಬೈಲಿನಾಚೆಯ ಗುಡ್ಡೆಗಳ ಮೇಲೆ. ಹಿಂದೆ ಪೂರ್ತಿ ಹೇರಿಕೊಂಡು ಒದ್ದೆ ಮುರಮಣ್ಣಿನ ಏರಿಗೆ ಬಂದಾಗ ಭಾರವೆಲ್ಲ ಹಿಂದಕ್ಕೆ ಜಗ್ಗಿ, ಮುಂದಿನ ಚಕ್ರಗಳು ಹಗುರವಾಗಿ ನಿಂತಲ್ಲೇ ತಿರುಗುತ್ತಿದ್ದವು. ಅಪ್ಪ ಆಗ ವ್ಯಾನನ್ನು ಕೆಳಗೆ ಬಿಟ್ಟು, ತಿರುಗಿಸಿ, ರಿವರ್ಸ್ ಗೇರಿನಲ್ಲಿ ಏರಿಸುತ್ತಿದ್ದರು. ಹಿಮ್ಮುಖವಾಗಿ ಹತ್ತುವಾಗ ಎಳೆಯುವ ಚಕ್ರಗಳು ಏರಿನ ಕೆಳಬದಿಗೆ ಬರುತ್ತವೆ, ಭಾರ ಅವುಗಳ ಮೇಲೆ ಕೂರುತ್ತದೆ. ಇದರ ಲೆಕ್ಕ ನನಗೆ ತಿಳಿದದ್ದು ಪಿಯುಸಿಯಲ್ಲಿ ಭೌತಶಾಸ್ತ್ರ ಓದುವಾಗ. ಏಳನೆಯ ತರಗತಿಯವರೆಗೆ ಓದಿದ್ದ ಅಪ್ಪನಿಗೆ ಸ್ಟಿಯರಿಂಗಿನಿಂದಲೇ ತಿಳಿದಿತ್ತು.

ಬಿಸಿಯಾಗುವ ಸಮಸ್ಯೆಯನ್ನು ನಾವು ಅರ್ಥ ಮಾಡಿಕೊಳ್ಳಲು ಆಗುಂಬೆ ಘಾಟಿಯೇ ಬೇಕಾಯಿತು. ತೀರ್ಥಹಳ್ಳಿ ಕಡೆಯ ಮದುವೆಗೆ ಶಾಮಿಯಾನ ಹೇರಿಕೊಂಡು ಹೊರಟಿದ್ದೆವು. ಸೋಮೇಶ್ವರ ದಾಟಿ, ಹದಿನಾಲ್ಕು ತಿರುವುಗಳ ಆ ಏರಿನಲ್ಲಿ ಐದಾರು ತಿರುವು ಮುಗಿಯುವಷ್ಟರಲ್ಲಿ ಶಾಖ ತೋರಿಸುವ ಮುಳ್ಳು ಕೆಂಪಿಗೆ ಏರಿತು, ಬಾನೆಟ್ಟಿನ ಸಂದಿಯಿಂದ ಹಬೆ ಬಂತು. ರೇಡಿಯೇಟರಿನ ಮುಚ್ಚಳ ತೆಗೆಯಲು ಹೊರಟ ಹುಡುಗನೊಬ್ಬನ ಕೈಯನ್ನು ಅಪ್ಪ ಹಿಡಿದು ಎಳೆದದ್ದು ನನ್ನ ಕಣ್ಣ ಮುಂದೆ ಹಾಗೆಯೇ ಇದೆ. ಮುಚ್ಚಳದ ಸ್ಪ್ರಿಂಗು ಒಳಗಿನ ನೀರನ್ನು ಒತ್ತಡದಲ್ಲಿ ಇಟ್ಟಿರುವುದರಿಂದಲೇ ಅದು ನೂರು ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಮುಚ್ಚಳ ತೆರೆದ ಕ್ಷಣ ಒತ್ತಡ ಇಳಿದು ನೀರು ಒಮ್ಮೆಲೇ ಕುದಿದು ಹಬೆಯೊಂದಿಗೆ ಮುಖಕ್ಕೆ ಚಿಮ್ಮುತ್ತದೆ. ಒಂದು ಗಂಟೆ ಕಾದು, ಬಟ್ಟೆ ಮುಚ್ಚಿ ಮೆಲ್ಲನೆ ತೆಗೆದು, ನೀರು ತುಂಬಿ ಮೇಲೆ ಹತ್ತಿದೆವು.

ಕಾರಣ ಹುಡುಕಿದಾಗ ಒಂದರ ಬದಲು ಮೂರು ಸಿಕ್ಕವು. ಹಿಂದಿನ ವರ್ಷ ‘ನಮ್ಮ ಸೆಕೆಗೆ ಇದೆಲ್ಲ ಬೇಡ’ ಎಂದು ಮೆಕ್ಯಾನಿಕ್ ಒಬ್ಬರು, ಎಂಜಿನು ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದ ಕವಾಟವಾದ ಥರ್ಮೋಸ್ಟ್ಯಾಟನ್ನೇ ಕಿತ್ತು ಹಾಕಿದ್ದರು. ಕರಾವಳಿಯಲ್ಲಿ ಇದು ಇಂದಿಗೂ ನಡೆಯುವ ತಪ್ಪು. ಆ ಕವಾಟ ಇಲ್ಲದಿದ್ದರೆ ಎಂಜಿನು ಬೆಳಿಗ್ಗೆ ಸರಿಯಾಗಿ ಬಿಸಿಯಾಗದೆ ಡೀಸೆಲ್ ಹೆಚ್ಚು ಕುಡಿಯುತ್ತದೆ. ಅಷ್ಟೇ ಅಲ್ಲ, ಕೆಲವು ಎಂಜಿನುಗಳಲ್ಲಿ ಬೈಪಾಸ್ ದಾರಿ ಸದಾ ತೆರೆದೇ ಉಳಿದು, ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಎಂಜಿನಿನೊಳಗೇ ಸುತ್ತುತ್ತದೆ. ಎರಡನೆಯ ಕಾರಣ, ರೇಡಿಯೇಟರಿನ ರೆಕ್ಕೆಗಳ ನಡುವೆ ಬೈಹುಲ್ಲಿನ ಹೊಟ್ಟು ಮತ್ತು ಕೆಂಪು ಧೂಳು ಇಟ್ಟಿಗೆಯಂತೆ ಕೂತಿತ್ತು. ಮೂರನೆಯದು ರೇಡಿಯೇಟರಿಗೆ ತುಂಬುತ್ತಿದ್ದ ನಮ್ಮ ಬಾವಿಯ ನೀರು. ಮುರಕಲ್ಲಿನ ನೆಲದ ನೀರು ಕುಡಿಯಲು ಸಿಹಿಯಾದರೂ ಸ್ವಲ್ಪ ಆಮ್ಲೀಯ, ಕಡಲ ಬದಿಯ ಬಾವಿಗಳಲ್ಲಿ ಬೇಸಗೆಗೆ ಉಪ್ಪೂ ಸೇರುತ್ತದೆ. ಕಬ್ಬಿಣ, ತಾಮ್ರ, ಅಲ್ಯುಮಿನಿಯಂ ಒಟ್ಟಿಗಿರುವ ಜಾಗದಲ್ಲಿ ಅಂಥ ನೀರು ಲೋಹವನ್ನು ಒಳಗಿಂದ ತಿನ್ನುತ್ತದೆ. ರೇಡಿಯೇಟರಿನ ನೀರಿಗೆ ಬೆರೆಸುವ ಕೂಲಂಟ್ ಎಂದರೆ ಹಿಮ ಬೀಳುವ ದೇಶಕ್ಕೆ ಎಂದು ತಿಳಿದವರು ಈಗಲೂ ಇದ್ದಾರೆ. ನಮಗೆ ಅದು ಬೇಕಾಗಿರುವುದು ತುಕ್ಕು ತಡೆಯುವ ಗುಣಕ್ಕಾಗಿ.

ಅದೇ ಘಾಟಿಯನ್ನು ಇಳಿಯುವಾಗ ಬ್ರೇಕ್ ಪೆಡಲು ಮೆತ್ತಗಾದದ್ದನ್ನು ಅಪ್ಪ ಮನೆಗೆ ಬಂದು ಎರಡು ದಿನದ ನಂತರ ಹೇಳಿದರು, ಅಮ್ಮ ಇಲ್ಲದ ಹೊತ್ತಿನಲ್ಲಿ. ಬ್ರೇಕ್ ಎಣ್ಣೆ ಗಾಳಿಯಿಂದ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ದರ್ಜೆಯ ಹೊಸ ಎಣ್ಣೆ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ, ತೇವ ಹೀರಿದ ಎಣ್ಣೆಗೆ ಆ ಮಿತಿ 140 ಡಿಗ್ರಿ. ಇಳಿಜಾರಿನ ಶಾಖಕ್ಕೆ ಎಣ್ಣೆ ಕುದಿದು ಗುಳ್ಳೆಯೆದ್ದರೆ ಪೆಡಲು ಮೆತ್ತಗಾಗುತ್ತದೆ. ನಮ್ಮಂಥ ಆರ್ದ್ರ ಹವೆಯ ಊರಿನಲ್ಲಿ ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಲೇಬೇಕು. ಕಡಿಮೆಯಾದಾಗ ಮೇಲಿಂದ ತುಂಬಿದರೆ ಸಾಲದು, ಹಳೆಯದನ್ನು ಪೂರ್ತಿ ಹೊರಹಾಕಬೇಕು. ಇಳಿಜಾರಿನಲ್ಲಿ ಗೇರಿನ ಹಿಡಿತದಲ್ಲೇ ಇಳಿಯುವುದನ್ನು ಅಪ್ಪ ಆಮೇಲೆ ಒಮ್ಮೆಯೂ ತಪ್ಪಿಸಲಿಲ್ಲ.

ಈಗ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ವಿಷಯಕ್ಕೆ ಬರುತ್ತೇನೆ. ಒಂದು ವರ್ಷ ಜೂನ್ ತಿಂಗಳಲ್ಲಿ ಮೆಟಾಡೋರಿನ ಹೆಡ್‌ಲೈಟು ಮಂಕಾಗತೊಡಗಿತು, ಸೆಲ್ಫ್ ಹೊಡೆದರೆ ಎಂಜಿನು ನಿದ್ದೆಗಣ್ಣಿನಲ್ಲಿ ಎದ್ದವರಂತೆ ಒಂದು ಸುತ್ತು ತಿರುಗಿ ನಿಲ್ಲುತ್ತಿತ್ತು. ಬ್ಯಾಟರಿ ಹೋಗಿದೆ ಎಂದರು, ಹೊಸದು ಹಾಕಿದೆವು. ಎರಡು ವಾರ ಸರಿಯಿದ್ದು ಮತ್ತೆ ಅದೇ. ಡೈನಮೋ ಬಿಚ್ಚಿದರು, ಸೆಲ್ಫ್ ಮೋಟರನ್ನು ಉಡುಪಿಗೆ ವೈಂಡಿಂಗಿಗೆ ಕಳುಹಿಸಿದರು. ಆ ಮಳೆಗಾಲದ ನಷ್ಟವನ್ನು ತುಂಬಿಸಲು ಚೌತಿಯ ಎರಡು ಪೆಂಡಾಲುಗಳ ಬಾಡಿಗೆ ಹೋಯಿತು. ಚೌತಿಯ ರಾತ್ರಿ ಒಂದು ಕಡೆ ಭಜನೆಗೆ ಮೈಕ್ ಕಟ್ಟಿದಾಗ ಸ್ಪೀಕರಿನಲ್ಲಿ ‘ಗುಂಯ್’ ಎಂಬ ಸದ್ದು ಶುರುವಾಯಿತು. ಮೈಕಿನವರೆಲ್ಲರಿಗೂ ಗೊತ್ತಿರುವ, ಕರೆಂಟಿನ 50 ಹರ್ಟ್ಸ್ ಸದ್ದು ಅದು; ಅರ್ತ್ ಸಡಿಲವಾದರೆ ಅದು ಬಂದೇ ಬರುತ್ತದೆ. ಅಪ್ಪ ತಂತಿ ಕೆರೆದು ಬಿಗಿದರು, ಸದ್ದು ನಿಂತಿತು. ತಂತಿ ಕೈಯಲ್ಲಿ ಹಿಡಿದುಕೊಂಡೇ ಅವರು ಸ್ವಲ್ಪ ಹೊತ್ತು ಸುಮ್ಮನೆ ಕುಳಿತರು. ಆಮೇಲೆ ಟಾರ್ಚು ಹಿಡಿದು ವ್ಯಾನಿನ ಅಡಿಗೆ ನುಸುಳಿದರು.

ವಾಹನದಲ್ಲಿ ಬ್ಯಾಟರಿಯ ಒಂದು ತುದಿಗೆ ಮಾತ್ರ ವಯರು ಎಳೆದಿರುತ್ತಾರೆ, ಮರಳುವ ದಾರಿ ವಾಹನದ ಮೈಯೇ. ನೆಗೆಟಿವ್ ತುದಿಯಿಂದ ಚಾಸಿಗೂ ಎಂಜಿನಿನಿಂದ ಚಾಸಿಗೂ, ಅಂದರೆ ಅಡಿಯ ಕಬ್ಬಿಣದ ಚೌಕಟ್ಟಿಗೂ, ಹೆಣೆದ ತಾಮ್ರದ ಪಟ್ಟಿಗಳಿರುತ್ತವೆ. ನಮ್ಮ ವ್ಯಾನಿನಲ್ಲಿ ಎಂಜಿನಿನ ಪಟ್ಟಿ ಹಸಿರು ಪುಡಿಯಾಗಿತ್ತು, ಅದರ ಬೋಲ್ಟಿನ ಕೆಳಗೆ ತುಕ್ಕಿನ ದಪ್ಪ ಪದರವಿತ್ತು. ಒಂದು ದಪ್ಪ ವಯರನ್ನು ಬ್ಯಾಟರಿಯ ನೆಗೆಟಿವ್‌ನಿಂದ ನೇರ ಎಂಜಿನಿಗೆ ಹಿಡಿದು ನೋಡುತ್ತಲೇ ಸೆಲ್ಫ್ ಹೊಸದರಂತೆ ತಿರುಗಿತು. ಕಡಲಿನ ಉಪ್ಪು ಗಾಳಿಯಲ್ಲಿ ತಾಮ್ರವೂ ಕಬ್ಬಿಣವೂ ಸೇರುವ ಜಾಗ ಬೇಗ ಕೆಡುತ್ತದೆ ಎಂಬುದನ್ನು ನಾವು ಆ ದಿನ ಕಲಿತೆವು. ಇಂದು ಯಾರ ವಾಹನ ಬೆಳಿಗ್ಗೆ ಎದ್ದೇಳದಿದ್ದರೂ ನಾನು ಮೊದಲು ವೋಲ್ಟ್ ಮೀಟರು ಹಿಡಿಯುತ್ತೇನೆ. ನಿಂತಿರುವಾಗ ಬ್ಯಾಟರಿ 12.6 ವೋಲ್ಟಿನ ಆಸುಪಾಸಿನಲ್ಲಿ, ಎಂಜಿನು ಓಡುವಾಗ ಸುಮಾರು 14 ವೋಲ್ಟು ತೋರಿಸಬೇಕು. ಆಮೇಲೆ ಮೀಟರಿನ ಒಂದು ಕಡ್ಡಿಯನ್ನು ನೆಗೆಟಿವ್ ತುದಿಗೂ ಇನ್ನೊಂದನ್ನು ಎಂಜಿನಿಗೂ ಇಟ್ಟು ಸೆಲ್ಫ್ ಹೊಡೆಸುತ್ತೇನೆ. ಅಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ಬ್ಯಾಟರಿ ಅಂಗಡಿಗೆ ಹೋಗುವ ಅಗತ್ಯವಿಲ್ಲ, ಸ್ಪ್ಯಾನರು ಮತ್ತು ಮರಳು ಕಾಗದ ಸಾಕು.

ಡೀಸೆಲಿನಲ್ಲಿ ನೀರು, ಟ್ಯಾಂಕು ಖಾಲಿಯಾಗಿ ಡೀಸೆಲ್ ಪೈಪಿಗೆ ಗಾಳಿ ಸೇರುವ ಏರ್ ಲಾಕು, ತುಂಡಾದ ಸ್ಪ್ರಿಂಗಿನ ಲೀಫ್ ಪ್ಲೇಟು, ಹರಿದ ರಬ್ಬರ್ ಬೂಟಿನೊಳಗೆ ಕೆಸರು ಸೇರಿ ತಿರುವಿನಲ್ಲಿ ಟಕಟಕ ಎನ್ನುವ ಆಕ್ಸಲ್ ಜಾಯಿಂಟು, ಇವೆಲ್ಲವೂ ಬಂದು ಹೋದವು. ಹ್ಯಾಂಡ್ ಪಂಪು ಒತ್ತುತ್ತ, ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಡೀಸೆಲ್ ಬಿಡುವ ಕೆಲಸ ಹತ್ತು ವರ್ಷದ ನನ್ನದಾಗಿತ್ತು.

ವ್ಯಾನನ್ನು ಕೊನೆಗೆ ಕೊಂದದ್ದು ಇವುಗಳಲ್ಲಿ ಯಾವುದೂ ಅಲ್ಲ, ತುಕ್ಕು. ಮೈಗೆ ಪ್ರತಿ ವರ್ಷ ಪೇಂಟು ಬಳಿಯುತ್ತಿದ್ದೆವು, ಅಡಿಗೆ ಪತ್ತನಾಜೆಯ ಮರುದಿನವೇ ಸುಟ್ಟ ಎಂಜಿನ್ ಆಯಿಲು ಬಳಿಯುತ್ತಿದ್ದೆವು. ಆಗ ಎಲ್ಲರೂ ಹಾಗೆಯೇ ಮಾಡುತ್ತಿದ್ದರು. ಆ ಎಣ್ಣೆ ರಬ್ಬರ್ ಬುಷ್‌ಗಳನ್ನು ಊದಿಸಿ ಹಾಳು ಮಾಡುತ್ತದೆ, ಮೊದಲ ಮಳೆಗೆ ತೊಳೆದು ಗದ್ದೆ ಸೇರುತ್ತದೆ. ನಾನಿಂದು ಯಾರಿಗೂ ಹಾಗೆ ಮಾಡಿ ಎನ್ನುವುದಿಲ್ಲ. ನಿಜವಾದ ತುಕ್ಕು ಹುಟ್ಟುತ್ತಿದ್ದದ್ದು ನಮ್ಮ ಕಣ್ಣಿಗೆ ಕಾಣದ ಜಾಗದಲ್ಲಿ. ಬಾಗಿಲಿನ ಕೆಳ ಅಂಚಿನಲ್ಲಿ, ಫುಟ್‌ಬೋರ್ಡಿನ ಒಳಗೆ ನೀರು ಇಳಿದು ಹೋಗಲೆಂದು ಸಣ್ಣ ತೂತುಗಳಿರುತ್ತವೆ. ಕೆಂಪು ಮಣ್ಣು ಮತ್ತು ಕೊಳೆತ ಎಲೆ ಅವುಗಳನ್ನು ಮುಚ್ಚಿದರೆ ಮಳೆಯ ನೀರು ತಿಂಗಳುಗಟ್ಟಲೆ ಒಳಗೇ ನಿಲ್ಲುತ್ತದೆ. ಹೊರಗೆ ಪೇಂಟಿನಲ್ಲಿ ಗುಳ್ಳೆ ಕಾಣುವ ಹೊತ್ತಿಗೆ ಒಳಗೆ ತಗಡೇ ಉಳಿದಿರುವುದಿಲ್ಲ. ಮಲ್ಪೆಯ ಮೀನಿನ ವ್ಯಾನುಗಳ ಅವಸ್ಥೆ ಇನ್ನೂ ಕಷ್ಟ, ಐಸು ಕರಗಿದ ಉಪ್ಪುನೀರು ದಿನವೂ ನೆಲದ ಮೇಲೆ ಹರಿಯುತ್ತದೆ. 1999ರಲ್ಲಿ ನಮ್ಮ ಮೆಟಾಡೋರನ್ನು ಟಿಂಕರಿಂಗಿಗೆ ಕೊಟ್ಟಾಗ, ಕೆಲಸದವರು ಸ್ಕ್ರೂಡ್ರೈವರಿನ ಹಿಡಿಯಿಂದ ಚಾಸಿಯನ್ನು ಬಡಿಯುತ್ತ ಹೋದರು. ಗಟ್ಟಿ ಕಬ್ಬಿಣ ಗಂಟೆಯಂತೆ ಸದ್ದು ಕೊಡುತ್ತದೆ. ಹಿಂದಿನ ಸ್ಪ್ರಿಂಗಿನ ಹತ್ತಿರ ಬಂದಾಗ ಸದ್ದು ಮಣ್ಣಿಗೆ ಬಡಿದಂತಾಯಿತು. ಅವರು ತಲೆಯಾಡಿಸಿದರು. ಎಂಜಿನು ಆ ದಿನವೂ ಒಂದೇ ಸೆಲ್ಫಿಗೆ ಎದ್ದಿತ್ತು.

ಆಮೇಲೆ ಬಂದದ್ದು ಮಾರುತಿ ಓಮ್ನಿ, 796 ಸಿಸಿಯ ಮೂರು ಸಿಲಿಂಡರಿನ ಪೆಟ್ರೋಲ್ ಎಂಜಿನು ಮುಂದಿನ ಸೀಟಿನ ಅಡಿಯಲ್ಲಿ. 1984ರಿಂದ 2019ರವರೆಗೆ ತಯಾರಾದ ಆ ಪುಟ್ಟ ವ್ಯಾನಿನ ಮೇಲೆ ನನಗಿರುವ ಪ್ರೀತಿ ದೊಡ್ಡದು. ಸೀಟು ಎತ್ತಿದರೆ ಎಂಜಿನು ಕೈಗೆ ಸಿಗುತ್ತಿತ್ತು, ಸುರಿಯುವ ಮಳೆಯಲ್ಲಿ ಒಳಗೆ ಕುಳಿತೇ ರಿಪೇರಿ ಮಾಡಬಹುದಿತ್ತು. ಆಷಾಢದ ಬೆಳಿಗ್ಗೆ ಎಂಜಿನು ಕುಂಟುತ್ತಿದ್ದರೆ ಸ್ಪಾರ್ಕ್ ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ಬಿಚ್ಚಿ, ಒಳಗಿನ ತೇವವನ್ನು ಒಣ ಬಟ್ಟೆಯಿಂದ ಒರೆಸಿದರೆ ಮುಗಿಯಿತು. ಅದಕ್ಕೆಂದೇ ಒಂದು ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಡ್ಯಾಶ್‌ಬೋರ್ಡಿನಲ್ಲಿ ಇಡುತ್ತಿದ್ದೆವು.

ಇಂದು ನನ್ನ ಬಳಿ ಇರುವುದು ಹೊಸ ಹೊಗೆ ನಿಯಮದ, ಬಿಎಸ್-6 ಡೀಸೆಲ್ ಕಾರು. ಅದರ ಹೊಗೆಯ ಜರಡಿಯಲ್ಲಿ ಮಸಿ ತುಂಬಿದರೆ, ಸುಮಾರು 600 ಡಿಗ್ರಿ ಶಾಖದಲ್ಲಿ ತಾನೇ ಸುಟ್ಟುಕೊಳ್ಳುತ್ತದೆ. ಆದರೆ ಅದಕ್ಕೆ ಹೆದ್ದಾರಿಯ ಹದವಾದ ಓಟ ಬೇಕು. ಕಾಪುವಿನಿಂದ ಉಡುಪಿಗೆ ಹೋಗಿ, ಪೇಟೆಯಲ್ಲಿ ನಿಂತು ನಿಂತು ಬರುವ ನನ್ನಂಥವರಿಗೆ, ಜರಡಿ ತುಂಬಿದೆ ಎಂದು ಎಚ್ಚರಿಸುವ ದೀಪ ಉರಿಯುವುದು ಸಹಜ. ತಿಂಗಳಿಗೆ ಎರಡು ಸಲ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುರತ್ಕಲ್‌ವರೆಗೆ ಒಂದೇ ವೇಗದಲ್ಲಿ ಓಡಿಸಿ ಬರುತ್ತೇನೆ, ದೀಪ ಉರಿಯುವುದು ನಿಂತಿದೆ. ಇದು ಹೊಸ ಕಾಲದ ಕಾಯಿಲೆ. ಆದರೆ ಕಳೆದ ಎರಡು ಮಳೆಗಾಲಗಳಲ್ಲಿ ಕಾರು ನಿಂತದ್ದು ಇದರಿಂದಲ್ಲ: ಒಮ್ಮೆ ಇಲಿ ವಯರು ಕಡಿದು, ಇನ್ನೊಮ್ಮೆ ಅದೇ ಹಳೆಯ ಅರ್ತ್ ಬೋಲ್ಟು ತುಕ್ಕು ಹಿಡಿದು. ಎರಡನೆಯ ಸಲ ಸ್ಕ್ಯಾನರು ಹಾಕಿದವರು ಏಳು ದೋಷಗಳ ಪಟ್ಟಿ ಕೊಟ್ಟರು, ಬೋಲ್ಟು ಕೆರೆದು ಬಿಗಿದ ಮೇಲೆ ಏಳೂ ಹೋದವು.

ಓಮ್ನಿ ಈಗಲೂ ಮನೆಯ ಕೊಟ್ಟಿಗೆಯಲ್ಲಿದೆ. ಈ ವರ್ಷ ಪತ್ತನಾಜೆಯ ಮರುದಿನ ಅಪ್ಪ ಕುರ್ಚಿ ಹಾಕಿಸಿಕೊಂಡು ಅದರ ಪಕ್ಕದಲ್ಲಿ ಕುಳಿತರು, ಕಣ್ಣು ಈಗ ಸರಿಯಾಗಿ ಕಾಣುವುದಿಲ್ಲ. ನಾನು ಹಿಡಿಸೂಡಿಯಿಂದ ಒಂದು ಕಡ್ಡಿ ಕಿತ್ತುಕೊಂಡು ಜಾರುಬಾಗಿಲಿನ ಅಡಿಯ ತೂತುಗಳನ್ನು ಒಂದೊಂದಾಗಿ ಚುಚ್ಚಿ ಬಿಡಿಸಿದೆ, ಕೆಂಪು ಮಣ್ಣು ಉದುರಿತು. ಆಮೇಲೆ ಒಂದು ತಂಬಿಗೆ ನೀರನ್ನು ಕಿಟಕಿಯ ಗಾಜಿನ ಸಂದಿಯಿಂದ ಹೊಯ್ದೆ. ನೀರು ಕೆಳಗಿನ ತೂತುಗಳಿಂದ ನೆಲಕ್ಕೆ ಬೀಳುವ ಸದ್ದನ್ನು ಅಪ್ಪ ತಲೆ ವಾಲಿಸಿ ಕೇಳಿ, ‘ಹಿಂದಿನದೊಂದು ಇನ್ನೂ ಬಿಟ್ಟಿಲ್ಲ’ ಎಂದರು. ನೋಡಿದರೆ ಹೌದು, ಬಿಟ್ಟಿರಲಿಲ್ಲ.