25,000 ಎಕರೆ ಒಬ್ಬ ದನದ ರೈತನ ಕೈಗೆ ಬಂದದ್ದು ಹೇಗೆ?

ಇನ್ಶೂರೆನ್ಸ್ ಕಂಪನಿಯ ಕೆಲಸ ಹಿಡಿದು ಇಲಿನಾಯ್ ರಾಜ್ಯದ ಬ್ಲೂಮಿಂಗ್ಟನ್-ನಾರ್ಮಲ್‌ಗೆ ಬಂದ ಕನ್ನಡಿಗರು ಸಾಕಷ್ಟು ಜನ ಇದ್ದೇವೆ. ಊರಿಂದ ಅಪ್ಪ ಅಮ್ಮ, ನೆಂಟರು ಬಂದರೆ ಹಳೇ ರೂಟ್ 66 ಹಿಡಿದು ಫಂಕ್ಸ್ ಗ್ರೋವ್ ತೋರಿಸುವುದು ರೂಢಿ. ಅಲ್ಲಿ ಮೇಪಲ್ ಮರಗಳ ದೊಡ್ಡ ತೋಪಿದೆ. ಈ ಜಾಗಕ್ಕೆ ಹೆಸರು ಕೊಟ್ಟ ಐಸಾಕ್ ಫಂಕ್ ಸುಮಾರು 25,000 ಎಕರೆ ಮಾಡಿದ್ದ ಅಂದ ತಕ್ಷಣ ಎಲ್ಲರೂ ಕೇಳುವುದು ಒಂದೇ ಮಾತು: "ಅಷ್ಟು ಭೂಮಿ ಒಬ್ಬನಿಗೆ ಎಲ್ಲಿಂದ ಬಂತಪ್ಪಾ? ಜಹಗೀರು ಏನಾದರೂ ಸಿಕ್ಕಿತ್ತಾ?"

ಜಹಗೀರಲ್ಲ. ದನ ಮತ್ತು ಹಂದಿ ಮೇಯಿಸಿ, ಮಾರಿ, ಬಂದ ದುಡ್ಡನ್ನೆಲ್ಲ ಮಣ್ಣಿಗೇ ಹಾಕಿದ್ದರಿಂದ ಬಂದದ್ದು. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಅದು ಅರ್ಧ ಉತ್ತರ.

ಐಸಾಕ್ ಹುಟ್ಟಿದ್ದು 1797ರಲ್ಲಿ, ಕೆಂಟಕಿಯಲ್ಲಿ. ಜರ್ಮನ್ ಮೂಲದ ಮನೆತನ. ತಂದೆ ಆಡಂ ಫಂಕ್, ತಾಯಿ ಸಾರಾ. ಹುಡುಗ ಹತ್ತು ವರ್ಷದವನಿದ್ದಾಗ ಮನೆಯವರೆಲ್ಲ ಓಹಾಯೋಗೆ ಗುಳೆ ಹೋದರು. ಶಾಲೆಯ ಓದು ಇಲ್ಲವೆನ್ನುವಷ್ಟು ಕಡಿಮೆ. ಆದರೆ ಓಹಾಯೋದ ಸಯೋಟೊ ನದಿಯ ಆಸುಪಾಸಿನಲ್ಲಿ ಬೆಳೆದವನಿಗೆ ಕಣ್ಣೆದುರಿಗೇ ಇನ್ನೊಂದು ಪಾಠಶಾಲೆ ಇತ್ತು. ವರ್ಜೀನಿಯಾ ಕಡೆಯಿಂದ ಬಂದ ರೈತರು ಅಲ್ಲಿ ಮೆಕ್ಕೆಜೋಳ ತಿನ್ನಿಸಿ ದನ ಕೊಬ್ಬಿಸುವ ಪದ್ಧತಿಯನ್ನು ನೆಲೆಗೊಳಿಸಿದ್ದರು.

ಆ ಪದ್ಧತಿ ಹೀಗಿತ್ತು. ಜೋಳ ಬಲಿತ ಮೇಲೆ ತೆನೆ ಮುರಿಯುವುದಿಲ್ಲ. ತೆನೆ ಸಮೇತ ದಂಟನ್ನು ಕೊಯ್ದು ಹೊಲದಲ್ಲೇ ಗೂಡು ಕಟ್ಟಿ ನಿಲ್ಲಿಸುತ್ತಾರೆ. ಚಳಿಗಾಲ ಪೂರ್ತಿ ಅದನ್ನು ಗಾಡಿಯಲ್ಲಿ ಹೇರಿಕೊಂಡು ಹೋಗಿ ಬಯಲಲ್ಲಿ ಹರಡುತ್ತಾರೆ, ದನ ಅಲ್ಲೇ ನಿಂತು ತಿನ್ನುತ್ತವೆ. ಕೊಟ್ಟಿಗೆ ಇಲ್ಲ, ಮಾಡು ಇಲ್ಲ. ಒಂದು ಕಡೆ ಮುಗಿಯುತ್ತಿದ್ದಂತೆ ದನವನ್ನು ಪಕ್ಕದ ಬಯಲಿಗೆ ದಾಟಿಸಿ, ಖಾಲಿಯಾದ ಜಾಗಕ್ಕೆ ಹಂದಿ ಬಿಡುತ್ತಾರೆ. ನೆಲಕ್ಕುದುರಿದ ಕಾಳನ್ನೂ ಸಗಣಿಯಲ್ಲಿ ಅರಗದೆ ಬಂದ ಕಾಳನ್ನೂ ಹಂದಿ ಹೆಕ್ಕಿ ತಿಂದು ಕೊಬ್ಬುತ್ತದೆ. ಒಂದೇ ಬೆಳೆಗೆ ಎರಡು ಆದಾಯ. ಗೊಬ್ಬರ ಹೊಲದಲ್ಲೇ ಬೀಳುತ್ತದೆ.

1824ರಲ್ಲಿ ಐಸಾಕ್ ತನ್ನ ಸೋದರ ಆ್ಯಬ್ಸಲಂ ಜೊತೆ ಇಲಿನಾಯ್‌ಗೆ ಬಂದು ಈ ತೋಪಿನ ಅಂಚಿನಲ್ಲಿ ಮರದ ದಿಮ್ಮಿಯ ಗುಡಿಸಲು ಹಾಕಿದ. ಸುತ್ತ ಆಳೆತ್ತರದ ಹುಲ್ಲಿನ ಬಯಲು. ಸೌದೆ, ನೀರು, ಗಾಳಿಗೆ ಮರೆ ಎಲ್ಲ ಇದ್ದದ್ದು ತೋಪಿನಲ್ಲೇ, ಹಾಗಾಗಿ ಮೊದಮೊದಲು ಬಂದವರು ಬಯಲು ಬಿಟ್ಟು ತೋಪು ಹುಡುಕುತ್ತಿದ್ದರು. ಸರ್ಕಾರ ಎಕರೆಗೆ ಒಂದೂಕಾಲು ಡಾಲರಿನಂತೆ ಭೂಮಿ ಮಾರುತ್ತಿತ್ತು. ಜೋಳವೇನೋ ಚೆನ್ನಾಗಿ ಬರುತ್ತಿತ್ತು, ಆದರೆ ಕೆಸರಿನ ದಾರಿಯಲ್ಲಿ ಗಾಡಿ ಹೊಡೆದುಕೊಂಡು ಹೋಗಿ ಮಾರಿದರೆ ಬಾಡಿಗೆಯೂ ಗಿಟ್ಟುತ್ತಿರಲಿಲ್ಲ. ಅದೇ ಜೋಳವನ್ನು ದನಕ್ಕೆ ತಿನ್ನಿಸಿದರೆ ದನ ತನ್ನ ಕಾಲ ಮೇಲೆ ತಾನೇ ಪೇಟೆಗೆ ನಡೆಯುತ್ತದೆ. ನನ್ನ ಪ್ರಕಾರ ಫಂಕ್ ಕುಟುಂಬದ ಸಿರಿಯ ಗುಟ್ಟೆಲ್ಲ ಈ ಒಂದು ಲೆಕ್ಕದಲ್ಲಿದೆ.

ಹಿಂಡನ್ನು ಶಿಕಾಗೋಗೆ ಅಟ್ಟಿಕೊಂಡು ಹೋಗುತ್ತಿದ್ದರು. ದೂರ ಸುಮಾರು 140 ಮೈಲಿ. ಮೈ ಇಳಿಯದಂತೆ ನಡೆಸಬೇಕಾದರೆ ದನ ದಿನಕ್ಕೆ ಹತ್ತು ಹನ್ನೆರಡು ಮೈಲಿಗಿಂತ ಹೆಚ್ಚು ಹೋಗಬಾರದು. ಹಂದಿ ಇನ್ನೂ ನಿಧಾನ. ನಡುವೆ ಹೊಳೆ ದಾಟಬೇಕು, ರಾತ್ರಿ ಕಾಯಬೇಕು. ಹವೆ ತಿರುಗಿಬಿದ್ದರೆ ಮುಗಿಯಿತು. 1836ರ ಡಿಸೆಂಬರ್ 20ರಂದು ಈ ಸೀಮೆಯಲ್ಲಿ ಮಳೆ ಬಂದು ನೆಲವೆಲ್ಲ ರೊಚ್ಚೆಯಾಗಿದ್ದಾಗ ಇದ್ದಕ್ಕಿದ್ದಂತೆ ಶೀತಗಾಳಿ ನುಗ್ಗಿ, ನಿಂತ ನೀರು ನಿಮಿಷಗಳಲ್ಲಿ ಗಟ್ಟಿಯಾಯಿತು. ಬಯಲಲ್ಲಿದ್ದ ದನ, ಹಂದಿಗಳ ಕಾಲು ನಿಂತಲ್ಲೇ ಹಿಮದಲ್ಲಿ ಕಚ್ಚಿಕೊಂಡವು. ಇಂಥ ಹವೆಯನ್ನು ತಡೆದುಕೊಂಡು ಬೆಳೆದ ದಂಧೆ ಇದು. 1853ರಲ್ಲಿ ಬ್ಲೂಮಿಂಗ್ಟನ್‌ಗೆ ರೈಲು ಬಂದ ಮೇಲೆ ಈ ನಡಿಗೆ ತಪ್ಪಿತು.

ಇನ್ನು ಉತ್ತರದ ಉಳಿದರ್ಧ. ಭೂಮಿ ಅಷ್ಟು ಅಗ್ಗವಾಗಿದ್ದದ್ದು ಯಾಕೆ? ಈ ಸೀಮೆ ಕಿಕಾಪೂ ಎಂಬ ಮೂಲನಿವಾಸಿ ಜನರದು. ಈಗಿನ ಮೆಕ್‌ಲೀನ್ ಕೌಂಟಿಯಲ್ಲೇ ಅವರ ದೊಡ್ಡ ಊರಿತ್ತು. ಫಂಕ್ ಸೋದರರು ಬರುವುದಕ್ಕೆ ಐದೇ ವರ್ಷ ಮೊದಲು, 1819ರ ಎಡ್ವರ್ಡ್ಸ್‌ವಿಲ್ ಒಪ್ಪಂದದಲ್ಲಿ ಅವರಿಂದ ಇಲಿನಾಯ್ ನೆಲವನ್ನು ಸರ್ಕಾರ ಬರೆಸಿಕೊಂಡಿತು. ಅವರನ್ನು ಮಿಸಿಸಿಪಿ ಹೊಳೆಯಾಚೆಗೆ ಕಳಿಸುವ ಕೆಲಸ 1830ರ ದಶಕದವರೆಗೂ ನಡೆಯಿತು. ಫಂಕ್ ಮನೆತನದ ದುಡಿಮೆ ಎಷ್ಟು ನಿಜವೋ ಇದೂ ಅಷ್ಟೇ ನಿಜ. ಯಾರಾದರೂ "ಖಾಲಿ ಬಿದ್ದಿದ್ದ ಜಾಗ" ಅಂದರೆ ನಾನು ತಡೆದು ಈ ಮಾತು ಹೇಳಿಯೇ ಹೇಳುತ್ತೇನೆ.

ಮನೆಯ ವಿಷಯಕ್ಕೆ ಬಂದರೆ, ಐಸಾಕ್ 1826ರಲ್ಲಿ ಕಸಾಂಡ್ರಾ ಶಾರ್ಪ್ ಎಂಬಾಕೆಯನ್ನು ಮದುವೆಯಾದ. ಕೈಗೆ ಬಂದ ಮಕ್ಕಳು ಒಂಬತ್ತು ಜನ, ಎಂಟು ಗಂಡು, ಒಂದು ಹೆಣ್ಣು. ಗಂಡ ಹಿಂಡಿನ ಜೊತೆ ವಾರಗಟ್ಟಲೆ ಹೊರಗಿರುವಾಗ ಮನೆ, ಮಕ್ಕಳು, ಆಳುಕಾಳು ಎಲ್ಲವೂ ಆಕೆಯ ಮೇಲೆ. ಅವನ ಹೆಸರು ಊರಿಗೇ ಉಳಿದಿದೆ, ಈಕೆಯನ್ನು ನೆನೆಯುವವರು ಕಡಿಮೆ. ನನಗೆ ಅದು ಸರಿಯೆನಿಸುವುದಿಲ್ಲ. ಎಂಟು ಗಂಡುಮಕ್ಕಳು ದುಡಿಮೆಗೆ ನಿಂತದ್ದರಿಂದಲೇ ಅಷ್ಟು ಹೊಲ, ಅಷ್ಟು ಹಿಂಡು ನಿಭಾಯಿಸಲಾಯಿತು.

ಸರಿಯಾಗಿ ಶಾಲೆ ಕಾಣದ ಐಸಾಕ್ 1850ರಲ್ಲಿ ಇಲಿನಾಯ್ ವೆಸ್ಲಿಯನ್ ವಿಶ್ವವಿದ್ಯಾಲಯ ಕಟ್ಟಿದವರಲ್ಲಿ ಒಬ್ಬ. ಅಂತರ್ಯುದ್ಧದ ಹೊತ್ತಿಗೆ ರಾಜ್ಯದ ಸೆನೆಟ್‌ನಲ್ಲಿದ್ದ. 1863ರ ಫೆಬ್ರವರಿಯಲ್ಲಿ, ಯುದ್ಧಕ್ಕೆ ಅಡ್ಡಗಾಲು ಹಾಕುತ್ತಿದ್ದ ಸದಸ್ಯರನ್ನು ದೇಶದ್ರೋಹಿಗಳೆಂದು ಕರೆದು, ಮೇಜು ಗುದ್ದಿ ಮಾತಾಡಿದ. ವಯಸ್ಸು ಆಗ 65. ಆ ಭಾಷಣ ದೂರದ ಪತ್ರಿಕೆಗಳಲ್ಲೂ ಅಚ್ಚಾಯಿತು.

1865ರ ಜನವರಿ 29ರಂದು ಐಸಾಕ್ ತೀರಿಕೊಂಡ. ಕಸಾಂಡ್ರಾ ಕೂಡ ಅದೇ ದಿನ, ಕೆಲವೇ ಗಂಟೆಗಳ ಅಂತರದಲ್ಲಿ ಹೋದರು.

ಇಲ್ಲಿಗೆ ಬರುತ್ತಿದ್ದಂತೆ ನಮ್ಮವರ ಎರಡನೇ ಪ್ರಶ್ನೆ ಸಿದ್ಧವಿರುತ್ತದೆ: "ಹಾಗಾದರೆ ಪಾಲು?" ಉಯಿಲು ಬರೆದಿರಲಿಲ್ಲ. ಮಕ್ಕಳು ವ್ಯಾಜ್ಯ ಹೂಡದೆ ತಮ್ಮತಮ್ಮಲ್ಲೇ ಕೂತು ಹಂಚಿಕೊಂಡರು. ಹಿಸ್ಸೆಯ ಕೇಸು ಮೂರು ತಲೆಮಾರು ಎಳೆಯುವುದನ್ನು ಕಂಡ ನಮ್ಮ ಹಿರಿಯರಿಗೆ 25,000 ಎಕರೆಗಿಂತ ಇದೇ ದೊಡ್ಡ ಸುದ್ದಿ. ಐಸಾಕ್‌ನ ಆ ಮಕ್ಕಳಲ್ಲಿ ಬೆಂಜಮಿನ್ ಬ್ಲೂಮಿಂಗ್ಟನ್‌ನ ಮೇಯರ್ ಆಗಿ, ಆಮೇಲೆ ಅಮೆರಿಕದ ಸಂಸತ್ತಿಗೂ ಹೋದ. ಲಫಾಯೆಟ್ ಬೇಸಾಯ, ದನ ಬಿಡಲಿಲ್ಲ. ಅವನ ಮಗ ಯುಜೀನ್ 1901ರಲ್ಲಿ ಮನೆಯವರೊಂದಿಗೆ ಸೇರಿ ಬೀಜದ ಕಂಪನಿ ತೆರೆದ. ತಾತ ದನಕ್ಕೆ ತಿನ್ನಿಸಿದ್ದ ಅದೇ ಮೆಕ್ಕೆಜೋಳದ ಹೈಬ್ರಿಡ್ ತಳಿಗಳಿಂದ ಆ ಕಂಪನಿ ಹೆಸರು ಮಾಡಿತು.